ನಿಂಗಮ್ಮನ ಕೈಗೆ ಸಿಗದ ಸದ್ದು

ಅರ್ಥವಾಗದ ಘಟನೆಗಳನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ಎಲ್ಲದಕ್ಕೂ ಕಾರಣ ಇದ್ದೇ ಇರುತ್ತದೆ, ನಾವು ಹುಡುಕಿರುವುದಿಲ್ಲ ಅಷ್ಟೇ ಎನ್ನುತ್ತಿದ್ದೆ. ಈಗ ಹಾಗೆ ಹೇಳುವ ಧೈರ್ಯವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಕೆ.ಆರ್. ನಗರದಲ್ಲಿ ನನ್ನ ಕ್ಲಿನಿಕ್ ಇತ್ತು. ಚುಂಚನಕಟ್ಟೆ ಕಡೆಯ ಜಯಮ್ಮನ ಹೃದಯಕ್ಕೆ ಕೃತಕ ಕವಾಟ ಹಾಕಿದ್ದರು. ಅಂಥವರ ಎದೆಯಿಂದ ಪ್ರತಿ ಬಡಿತಕ್ಕೂ ಟಿಕ್ ಎಂಬ ಸದ್ದು ಬರುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳುವುದುಂಟು. ಆ ಸದ್ದು ಮಂಕಾದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿರುವ ಭಯ.

ಒಂದು ಬೆಳಿಗ್ಗೆ ಅವಳ ಅತ್ತೆ ನಿಂಗಮ್ಮ ಅವಳನ್ನು ಕರೆತಂದರು. ನಿಂಗಮ್ಮನಿಗೆ ಎರಡೂ ಕಿವಿ ಕೇಳಿಸದು.

“ಟಿಕ್ ಟಿಕ್ ಅನ್ನೋದು ನಿಂತೋಗ್ಯದೆ ಕಣವ್ವ. ತಲೆಗೆ ಎಣ್ಣೆ ಅಚ್ಚುವಾಗ ಬೆನ್ಮೇಲೆ ಕೈ ಮಡಗುದ್ರೆ ತಾಕ್ತಿತ್ತು. ಮೂರ್ ದಿನದಿಂದ ಇಲ್ಲ.”

“ಒಸಿ ಸುಸ್ತು ಅಷ್ಟೇ ಡಾಕ್ಟ್ರೇ, ನಮ್ಮತ್ತೆ ಸುಮ್ಕೆ ಗಾಬ್ರಿ ಬೀಳ್ತಾರೆ,” ಎಂದಳು ಜಯಮ್ಮ.

ಸ್ಟೆತಸ್ಕೋಪ್ ಇಟ್ಟೆ. ಟಿಕ್, ಟಿಕ್. ಸ್ಪಷ್ಟವಾಗಿ ಕೇಳಿಸಿತು. ನಾಡಿ ಹಿಡಿದೆ, ಪ್ರತಿ ಬಡಿತಕ್ಕೂ ತಾಳೆಯಾಯಿತು. ಬಾಗಿಲ ಬಳಿ ನಿಂತಿದ್ದ ನರ್ಸ್ ಸಾವಿತ್ರಿ, “ಇಲ್ಲಿಗೇ ಕೇಳ್ತದಲ್ಲ ಮೇಡಂ,” ಎಂದಳು. ಏನೂ ಆಗಿಲ್ಲ, ಮನೆಗೆ ಹೋಗಿ ಎಂದು ನಿಂಗಮ್ಮನಿಗೆ ಕೈಸನ್ನೆ ಮಾಡಿದೆ. ಆಕೆ ಬೆಂಚು ಬಿಟ್ಟು ಏಳಲಿಲ್ಲ.

“ನನ್ ಸೊಸೆ ಕಣವ್ವ. ಮೈಸೂರ್ಗೆ ಬರ್ಕೊಡು.”

ಹಟಕ್ಕೆ ಸೋತು ಮೈಸೂರಿನ ಆಸ್ಪತ್ರೆಗೆ ಚೀಟಿ ಬರೆದೆ.

ಸಂಜೆ ಮೈಸೂರಿನ ವೈದ್ಯರು ಫೋನ್ ಮಾಡಿದರು. ಕವಾಟದ ಒಂದು ಎಸಳು ಹೆಪ್ಪಿನಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಅಲುಗುತ್ತಿದ್ದುದೂ ಅಷ್ಟಕ್ಕಷ್ಟೆ. “ಟಿಕ್ ಅನ್ನೋದೇ ಕೇಳ್ತಿಲ್ಲ. ನೀವು ಗುರುತು ಹಿಡಿದು ಕಳಿಸಿದ್ದು ಒಳ್ಳೇದಾಯ್ತು,” ಎಂದರು. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು. ದಾರಿಯಲ್ಲಿ ಹೀಗಾಗಿರಬಹುದೇ ಎಂದು ಕೇಳಿದೆ. ಇಲ್ಲ, ಕೆಲವು ದಿನಗಳಿಂದಲೇ ಇರಬೇಕು ಎಂದರು.

ಔಷಧಿಗೆ ಹೆಪ್ಪು ಕರಗಿ ಜಯಮ್ಮ ಉಳಿದಳು. ಕೇಳಬೇಕೆಂದುಕೊಂಡದ್ದೇ ನನಗೆ ಕೇಳಿಸಿತೆ? ಹಾಗಾದರೆ ಸಾವಿತ್ರಿಗೆ? ಅವಳು ಇವತ್ತಿಗೂ “ದೇವ್ರಾಣೆ ಕೇಳ್ತು ಮೇಡಂ,” ಎನ್ನುತ್ತಾಳೆ.

ತಿಂಗಳ ನಂತರ ಅತ್ತೆ ಸೊಸೆ ಮತ್ತೆ ಬಂದರು. ಸ್ಟೆತಸ್ಕೋಪ್ ಇಟ್ಟೆ. ಟಿಕ್, ಟಿಕ್. ಅಂದು ಕೇಳಿದ ಸದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಈಗ ಸರ್ಯಾಗ್ಯದಾ ಡಾಕ್ಟ್ರೇ?” ಎಂದಳು ಜಯಮ್ಮ.

ನಿಂಗಮ್ಮನ ಕೈ ಹಿಡಿದು ಸೊಸೆಯ ಬೆನ್ನ ಮೇಲೆ ಇಟ್ಟು, ಆಕೆಯ ಮುಖ ನೋಡಿದೆ.