‘ಯೋಚ್ನೆ ಮಾಡ್ಬೇಡಿ’ ಅನ್ನುವವರ ಹೆಂಡತಿ

ನನ್ನ ಭಾವ ನಲ್ಲಿ, ಪೈಪು ರಿಪೇರಿ ಮಾಡುತ್ತಾರೆ. ಸೋರುವ ಪೈಪಿನ ಮುಂದೆ ಮಂಡಿಯೂರಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಳ್ಳುವ ಮೊದಲು ಅವರು ಮನೆಯವರಿಗೆ ಹೇಳುವ ಮಾತು ಒಂದೇ: “ಯೋಚ್ನೆ ಮಾಡ್ಬೇಡಿ.” ಆ ಮಾತಿಗೇ ಜನ ಅವರನ್ನು ಹುಡುಕಿಕೊಂಡು ಬರುತ್ತಾರೆ. ಆ ಮಾತಿಗೇ ನನ್ನ ಅಕ್ಕನ ಮೈ ಉರಿಯುತ್ತದೆ.

ಅಕ್ಕ ಮನೆಯಲ್ಲೇ ಕೂತು ಪರದೆ ಹೊಲಿಯುತ್ತಾಳೆ. ಕೆಲಸದಲ್ಲಿ ಕೈಯೆಲ್ಲ ಒದ್ದೆ ಎಂದು ಭಾವ ತಮ್ಮ ಫೋನನ್ನು ಅವಳ ಹೊಲಿಗೆ ಯಂತ್ರದ ಪಕ್ಕದಲ್ಲೇ ಬಿಟ್ಟು ಹೋಗುತ್ತಾರೆ. ಬರ್ತೀನಿ ಅಂದವರು ಬರಲಿಲ್ಲ, ಮೊನ್ನೆ ಹಾಕಿದ ವಾಷರ್ ಆಗಲೇ ಹೋಯಿತು, ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದೀನಿ ನೀರೇ ಇಲ್ಲ ಎಂದು ಫೋನಿನ ಮೇಲೆ ಫೋನು. ಎಲ್ಲರಿಗೂ ಉತ್ತರ ಕೊಡುವವಳು ಅಕ್ಕ. ಇವರು ಊರಿನವರ ತಲೆಯಿಂದ ಇಳಿಸಿದ ಯೋಚನೆಯೆಲ್ಲ ನೇರವಾಗಿ ಬಂದು ಅವಳ ತಲೆಗೆ ಏರುತ್ತದೆ.

ಈ ಪದವೇ ಒಂದು ವಿಚಿತ್ರ. ‘ಯೋಚನೆ ಮಾಡು’ ಎಂದರೆ ತಲೆ ಓಡಿಸು. ‘ಯೋಚನೆ ಮಾಡಬೇಡ’ ಎಂದರೆ ತಲೆ ಕೆಡಿಸಿಕೊಳ್ಳಬೇಡ. ‘ಯೋಚನೆ ಮಾಡಿ ಹೇಳ್ತೀನಿ’ ಎಂದರೆ ‘ಆಗಲ್ಲ’, ಆದರೆ ಹಾಗೆ ಬಾಯಿಬಿಟ್ಟು ಹೇಳೋಕೆ ಸಂಕೋಚ. ಇದು ಮಕ್ಕಳಿಗೂ ಗೊತ್ತು, ಭಾವನಿಗೆ ಗೊತ್ತಿರಲಿಲ್ಲ. ನಮ್ಮ ಅಡುಗೆಮನೆಯ ನಲ್ಲಿ ಸರಿಮಾಡಲು ಬಂದವರು ಅಕ್ಕನನ್ನು ಮದುವೆ ಆಗ್ತೀರಾ ಎಂದು ಕೇಳಿದಾಗ ಅವಳು “ಯೋಚ್ನೆ ಮಾಡಿ ಹೇಳ್ತೀನಿ” ಅಂದಳು. ಬೇರೆ ಯಾರಾಗಿದ್ದರೂ ಮುಖ ಸಣ್ಣಗೆ ಮಾಡಿಕೊಂಡು ಹೊರಡುತ್ತಿದ್ದರು. ಇವರು ಖುಷಿಯಾಗಿ ಹೋಗಿ, ಮುಂದಿನ ವಾರ ಬಾಗಿಲಲ್ಲಿ ನಿಂತು, “ಆಯ್ತಾ ಯೋಚ್ನೆ?” ಎಂದು ಕೇಳಿದರು. ಅಷ್ಟು ನಂಬಿ ಬಂದವರಿಗೋಸ್ಕರ ಅಕ್ಕ ನಿಜವಾಗಿಯೂ ಕೂತು ಯೋಚಿಸಬೇಕಾಯಿತು.

ಅವರಿರುವುದು ಮೊದಲ ಮಹಡಿಯಲ್ಲಿ. ಕೆಳಗೆ ಫೋಟೋಗಳಿಗೆ ಕಟ್ಟು ಹಾಕುವವರ ಅಂಗಡಿ. ಹೋದ ವರ್ಷ ಅಕ್ಕನ ಬಚ್ಚಲಿನ ಗೋಡೆ ಒದ್ದೆಯಾಗತೊಡಗಿತು. ಸುಣ್ಣ ಹೊಪ್ಪಳೆ ಎದ್ದು ಬೀಳುತ್ತಿತ್ತು. ದಿನಾ ಬೆಳಿಗ್ಗೆ ಅಕ್ಕ ತೋರಿಸುವಳು. ದಿನಾ ಬೆಳಿಗ್ಗೆ ಭಾವ ಗೋಡೆಗೆ ಅಂಗೈ ಒತ್ತಿ, “ಯೋಚ್ನೆ ಮಾಡ್ಬೇಡ, ಭಾನುವಾರ ನೋಡ್ತೀನಿ” ಎಂದು ಚೀಲ ಎತ್ತಿಕೊಂಡು ಬೇರೆಯವರ ಮನೆಯ ಗೋಡೆ ಒಡೆಯಲು ಹೋಗುವರು. ಭಾನುವಾರ ಬಂತೆಂದರೆ ಯಾರಾದರೂ ಕರೆಯುತ್ತಿದ್ದರು.

ಕೊನೆಗೊಂದು ದಿನ ಗೋಡೆಯೊಳಗಿನ ಪೈಪು ಒಡೆಯಿತು. ಅಕ್ಕ ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ಮುಚ್ಚಿ ಬರುವಷ್ಟರಲ್ಲಿ ನೀರು ಕೆಳಗಿನ ಅಂಗಡಿಗೆ ಇಳಿದಿತ್ತು. ಅಂಗಡಿಯವರು ನೆನೆದ ಮದುವೆ ಫೋಟೋಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿ ಬಂದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ ಹೇಳಿದರು:

“ಸೂರಲ್ಲಿ ಕಲೆ ಕಾಣ್ತಿದೆ ಅಂತ ನಿಮ್ಮೆಜಮಾನ್ರಿಗೆ ಹೇಳಿದ್ದೆ. ಯೋಚ್ನೆ ಮಾಡ್ಬೇಡಿ ಅಂದ್ರು. ನಾನು ಮಾಡ್ಲಿಲ್ಲ.”

ಅಕ್ಕ ಫೋಟೋಗಳನ್ನು ಅವರ ಕೈಯಿಂದ ಇಸಿದುಕೊಂಡಳು. ಹೊಲಿದು ಹಗ್ಗಕ್ಕೆ ತೂಗುಹಾಕಿದ್ದ ಪರದೆಗಳನ್ನೆಲ್ಲ ಹಾಸಿಗೆಯ ಮೇಲೆ ಎಸೆದು, ಆ ಹಗ್ಗಕ್ಕೆ ಫೋಟೋಗಳನ್ನು ಕ್ಲಿಪ್ಪು ಹಾಕಿ ಒಣಗಲು ಬಿಟ್ಟಳು. ಆಮೇಲೆ ಭಾವ ಕೆಲಸಕ್ಕೆ ಹೋಗಿದ್ದ ಮನೆಗೆ ಫೋನ್ ಮಾಡಿದಳು. ಆ ಮನೆಯವರು ಫೋನನ್ನು ಭಾವನ ಕಿವಿಗೆ ಹಿಡಿದರು.

“ಯೋಚ್ನೆ ಮಾಡ್ಬೇಡ, ಬಂದೆ,” ಅಂದರು ಭಾವ.

“ನಾನು ಮಾಡ್ಬಾರ್ದು ಅಂದ್ರೆ ನೀವು ಮಾಡಿ. ಇಬ್ಬರಲ್ಲಿ ಒಬ್ಬರಾದ್ರೂ ಮಾಡ್ಬೇಕಲ್ಲ.”

ಸುದ್ದಿ ತಿಳಿದು ನಾನು ಹೋದಾಗ ಭಾವ ಬಚ್ಚಲಿನಲ್ಲಿ ಗೋಡೆ ಒಡೆಯುತ್ತಿದ್ದರು, ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಉಳಿಯ ಸದ್ದಿನ ನಡುವೆಯೇ ಜಗಳ ನಡೆದಿತ್ತು.

“ಪೈಪಿಗೋಸ್ಕರ ಯಾರೂ ಫೋನ್ ಮಾಡಲ್ಲ ಕಣೆ, ಹೆದರಿ ಮಾಡ್ತಾರೆ. ಮೊದಲು ಆ ಹೆದರಿಕೆ ನಿಲ್ಲಿಸ್ಬೇಕು. ಅದಕ್ಕೇ ಹಾಗನ್ನೋದು.”

“ಹೆದರಿಕೆಗೆ ಚಿಂತೆ ಅಂತ ಬೇರೆ ಪದ ಇದೆ. ಚಿಂತೆ ಮಾಡ್ಬೇಡಿ ಅನ್ನಿ. ಯೋಚ್ನೆ ಬೇಕು. ಯೋಚ್ನೆ ಮಾಡಿದ್ರೆ ಈ ಗೋಡೆ ಹಿಂಗಾಗ್ತಿತ್ತಾ?”

ಭಾವ ಉಳಿ ಕೆಳಗಿಟ್ಟರು. ಅವರ ಹುಬ್ಬಿನ ತುಂಬ ಸುಣ್ಣದ ಪುಡಿ. “ಹೌದು, ತಪ್ಪಾಯ್ತು,” ಅಂದರು. ಅಂಗಡಿಗೆ ಹೋಗಿ ಅದನ್ನೇ ಅಲ್ಲೂ ಹೇಳಿ, ಸೂರನ್ನು ತಾವೇ ಕೆರೆದು ಬಣ್ಣ ಬಳಿದರು. ಫೋಟೋಗಳು ಹೆಚ್ಚುಕಮ್ಮಿ ಉಳಿದವು. ಒಬ್ಬ ಮದುಮಗನ ಕಿವಿ ಮಾತ್ರ ಅಳಿಸಿಹೋಗಿತ್ತು.

ಆದರೆ ಹೊಸ ಪದ ನಡೆಯಲಿಲ್ಲ. ಸಿಂಕು ಕಟ್ಟಿಕೊಂಡಿದ್ದ ಮನೆಯ ಅಜ್ಜಿಯೊಬ್ಬರಿಗೆ ಭಾವ ನಿಧಾನವಾಗಿ, “ಚಿಂತೆ ಮಾಡ್ಬೇಡಿ” ಅಂದರಂತೆ. ಅಜ್ಜಿ ಕುರ್ಚಿ ಹಿಡಿದುಕೊಂಡು, “ಯಾಕಪ್ಪಾ, ಅಷ್ಟೊಂದು ಕೆಟ್ಟುಹೋಗಿದ್ಯಾ?” ಎಂದು ಕೇಳಿದರಂತೆ. ಇನ್ನೊಂದು ಮನೆಯಲ್ಲಿ ಆ ಮಾತು ಕೇಳಿ ಆಗಲೇ ಬೇರೆಯವರನ್ನು ಕರೆಸಿದರು. ಇದನ್ನೆಲ್ಲ ವರದಿ ಮಾಡುವಾಗ ಭಾವನ ಮುಖದಲ್ಲಿ ಗೆದ್ದವರ ಕಳೆ. ಅಕ್ಕ ಹಣೆ ಚಚ್ಚಿಕೊಂಡಳು.

“ಏನಾದ್ರೂ ಅನ್ಕೊಳ್ಳಿ,” ಅಂದಳು. “ಆದ್ರೆ ಫೋನು ಇನ್ಮೇಲೆ ನಿಮ್ಮ ಜೇಬಲ್ಲಿ.”

ಈಗ ಫೋನು ಪ್ಲಾಸ್ಟಿಕ್ ಚೀಲದೊಳಗೆ ಅವರ ಕುತ್ತಿಗೆಗೆ ನೇತುಬಿದ್ದಿರುತ್ತದೆ. ಬೈಗುಳ ಮೊದಲು ಅವರ ಕಿವಿಗೇ ಬೀಳುವುದರಿಂದ ಹೇಳಿದ ದಿನ ಹೋಗುತ್ತಾರೆ, ಒಪ್ಪಿಕೊಳ್ಳುವ ಕೆಲಸವೂ ಕಮ್ಮಿಯಾಗಿದೆ. ಮೊನ್ನೆ ನಾನು ಹೋಗಿದ್ದಾಗ ಊಟದ ನಡುವೆ ಫೋನು ಬಂತು. ಭಾವ ಎಡಗೈಯಲ್ಲಿ ಹಿಡಿದು, “ಯೋಚ್ನೆ ಮಾಡ್ಬೇಡಿ, ನಾಳೆ ಬರ್ತೀನಿ,” ಅಂದರು.

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಯಾವ ಮಹಡಿ ಅಂತ ಕೇಳಿ,” ಅಂದಳು. “ಕೆಳಗಡೆ ಯಾರಿದಾರೆ ಅಂತಾನೂ ಕೇಳಿ.”