ಧೂಳಕ್ಕ ಕಂಡ ಗುಲಾಬಿ ಗೆರೆ

ಉಪಗ್ರಹದ ಚಿತ್ರ ನೋಡುವ ನಮ್ಮ ಕೋಣೆಯಲ್ಲಿ ಮರ್ಯಾದೆಯೆಲ್ಲ ಹೊಗೆಗೆ. ಕಾಡು ಹೊತ್ತಿಕೊಂಡರೆ ದೊಡ್ಡ ಸಾಹೇಬರಿಂದ ಹಿಡಿದು ಟಿವಿಯವರವರೆಗೆ ಎಲ್ಲರೂ ನನ್ನ ಮೇಜಿನ ಹಿಂದೆ ಬಂದು ನಿಲ್ಲುತ್ತಾರೆ. ಪಕ್ಕದ ಮೇಜಿನವಳದು ಧೂಳು. ಬತ್ತಿದ ಕೆರೆಗಳಿಂದ ಧೂಳೆದ್ದರೆ ಹೆದ್ದಾರಿಯವರಿಗೆ ತಿಳಿಸುವುದು, ಅಷ್ಟೇ. ಅದಕ್ಕೇ ನಮಗೆಲ್ಲ ಅವಳು ಧೂಳಕ್ಕ. "ಹೊಗೆ ಇವತ್ತಿರುತ್ತೆ, ನಾಳೆ ಹೋಗುತ್ತೆ. ನನ್ನ ಕೆಲಸ ಮಾತ್ರ ಗಟ್ಟಿ" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಆ ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ಹೊಗೆಯೂ ಬೆಂಕಿಯೂ ಪೂರ್ವಕ್ಕೆ ಹೊರಟಿದ್ದವು. ಆರಿಸುವವರ ಮೂರು ತಂಡಗಳು ದಕ್ಷಿಣದ ಇಳಿಜಾರಿನಲ್ಲಿ, ಬೆಂಕಿಯ ಗೊಡವೆಯಿಲ್ಲದ ಮಗ್ಗುಲಲ್ಲಿ, ಬೆಂಕಿ ಹಬ್ಬದಂತೆ ಪೊದೆ ಕಡಿಯುತ್ತಿದ್ದವು. ಇಳಿಯಲು ಇದ್ದದ್ದು ಒಂದೇ ದಾರಿ. ಅದರ ಬುಡದಲ್ಲಿ ನೀರಿನ ಲಾರಿ. ಲಾರಿಯ ಚಾಲಕ ಧೂಳಕ್ಕನ ಭಾವ, ಒಡಹುಟ್ಟಿದ ಅಕ್ಕನ ಗಂಡ.

ಹತ್ತು ನಿಮಿಷಕ್ಕೊಂದು ಚಿತ್ರ ಬರುತ್ತದೆ. ಧೂಳು ಎದ್ದು ಕಾಣಲೆಂದು ಅದಕ್ಕೆ ಗುಲಾಬಿ ಬಣ್ಣ ಕೊಟ್ಟಿರುತ್ತೇವೆ. ನಾವೆಲ್ಲ ಹೊಗೆಗೆ ಕಣ್ಣು ನೆಟ್ಟು ಕೂತಿದ್ದಾಗ ಧೂಳಕ್ಕ ಒಂದು ಬಟ್ಟೆಚೂರಿನಿಂದ ತನ್ನ ಕಂಪ್ಯೂಟರ್ ಪರದೆ ಒರೆಸಿದಳು. ಮತ್ತೆ ಒರೆಸಿದಳು.

"ಧೂಳಿನ ಮೇಜಲ್ಲೇ ಧೂಳಾ?" ಎಂದೆ.

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಗುಡ್ಡದ ಉತ್ತರಕ್ಕೆ ಕೂದಲೆಳೆಯಷ್ಟು ಸಣ್ಣ ಗುಲಾಬಿ ಗೆರೆ, ಬಿಲ್ಲಿನ ಹಾಗೆ ಬಾಗಿತ್ತು. ಮುಂದಿನ ಚಿತ್ರದಲ್ಲಿ ಅದು ಗುಡ್ಡದತ್ತ ಇನ್ನಷ್ಟು ಕೆಳಗಿಳಿದಿತ್ತು. ಅವಳು ಬೆಂಕಿಯವರ ಕಚೇರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಧೂಳಿನ ಸುದ್ದಿ ನನಗ್ಯಾಕಮ್ಮ? ರಸ್ತೆಯವರಿಗೆ ಹೇಳು" ಎಂದರು ಅಲ್ಲಿನ ಅಧಿಕಾರಿ.

"ಸಾರ್, ಅದು ಬರೀ ಧೂಳಲ್ಲ, ಗಾಳಿ. ಗಾಳಿ ನಮಗೆ ಕಾಣಲ್ಲ, ಅದು ಎಬ್ಬಿಸಿದ ಧೂಳು ಕಾಣುತ್ತೆ. ಅದು ಗುಡ್ಡ ಮುಟ್ಟಿದ ಕೂಡ್ಲೇ ಬೆಂಕಿ ದಕ್ಷಿಣಕ್ಕೆ ತಿರುಗುತ್ತೆ. ನಿಮ್ಮೋರೆಲ್ಲ ಅಲ್ಲೇ ಇದಾರೆ."

"ಇನ್ನೊಂದು ಚಿತ್ರ ಬರ್ಲಿ, ನೋಡೋಣ."

"ಇನ್ನೊಂದು ಚಿತ್ರ ಬರೋಷ್ಟರಲ್ಲಿ ಇಳಿಸೋಕೆ ಯಾರೂ ಇರಲ್ಲ ಸಾರ್!"

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅತ್ತ ಕಡೆಯೂ ದನಿ ಬದಲಾಯಿತು. "ಮೊದಲು ಯಾರಿಗೆ ಬಡಿಯುತ್ತೆ?"

ಅವಳು ಪರದೆಯ ಮೇಲೆ ಬೆರಳಿಟ್ಟು ನೋಡಿದಳು. "ಗುಡ್ಡದ ತುದಿಯಲ್ಲಿರೋರಿಗೆ."

"ಸರಿ, ಅವರು ಮೊದಲು ಇಳೀಲಿ. ಎಲ್ಲರೂ ದಾಟೋವರೆಗೂ ಲಾರಿ ನೀರು ಹೊಡೀತಾ ದಾರಿ ಕಾಯ್ಲಿ."

ಫೋನಿಟ್ಟಳು. ಅವಳ ಮೊಬೈಲು ಮೇಜಿನ ಮೇಲೇ ಇತ್ತು. "ಭಾವನಿಗೆ ಒಂದು ಮಾತು ಹೇಳಿಬಿಡೇ" ಎಂದೆ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು.

"ಏನಂತ ಹೇಳ್ಲಿ? ಓಡಿಬಾ ಅಂತಾನಾ? ಅವರು ಹೊರಟ್ರೆ ಮೇಲಿನೋರ ಗತಿ?" ಎಂದು ಮೊಬೈಲನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

ಮುಂದಿನ ಚಿತ್ರದಲ್ಲಿ ಗೆರೆ ಗುಡ್ಡವನ್ನು ಮುಟ್ಟಿತ್ತು. ಅದರ ಮುಂದಿನದರಲ್ಲಿ ಹೊಗೆ ದಕ್ಷಿಣಕ್ಕೆ ಹೊರಳಿ ಇಳಿಜಾರು, ದಾರಿ, ಲಾರಿ ನಿಂತ ಜಾಗ ಎಲ್ಲವನ್ನೂ ನುಂಗಿತ್ತು. ಮೇಲಿನಿಂದ ನೋಡುವ ನಮಗೆ ಹೊಗೆಯ ಅಡಿಯಲ್ಲಿ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಆ ಹೊತ್ತಿನಷ್ಟು ನನ್ನ ಕೆಲಸವನ್ನು ನಾನು ಯಾವತ್ತೂ ಶಪಿಸಿಲ್ಲ. ಧೂಳಕ್ಕ ಮಿಸುಕಾಡಲಿಲ್ಲ.

ಕೊನೆಗೆ ಫೋನ್ ಬಂತು. ಎಲ್ಲರೂ ಇಳಿದಿದ್ದರು. ಲಾರಿ ಸುಟ್ಟುಹೋಗಿತ್ತು. ಭಾವ ಎಲ್ಲರಿಗಿಂತ ಹಿಂದೆ, ನಡೆದುಕೊಂಡು ಬಂದಿದ್ದರು. ಎರಡೂ ಅಂಗೈ ಸುಟ್ಟಿತ್ತು, ಜೀವಕ್ಕೇನೂ ಭಯವಿರಲಿಲ್ಲ. ಆಗ ಅತ್ತಳು ನೋಡಿ ಧೂಳಕ್ಕ, ನಾವು ನೀರು ಕೊಟ್ಟರೂ ಕುಡಿಯಲಾರದಷ್ಟು.

ಸಂಜೆ ಆಸ್ಪತ್ರೆಯಿಂದ ಅಕ್ಕ ಫೋನ್ ಮಾಡಿದಳು. ಧೂಳಕ್ಕ ನಡೆದದ್ದನ್ನೆಲ್ಲ, ಭಾವನಿಗೆ ಫೋನ್ ಮಾಡದೆ ಉಳಿದದ್ದನ್ನೂ, ಮುಚ್ಚುಮರೆಯಿಲ್ಲದೆ ಹೇಳಿದಳು. ಅಕ್ಕನ ದನಿ ಪಕ್ಕದ ನನ್ನ ಮೇಜಿಗೂ ಕೇಳಿಸುತ್ತಿತ್ತು.

"ನೀನ್ ಮಾಡಿದ್ದು ಸರೀನೇ ಕಣೇ. ನಿಮ್ಮ ಭಾವನೂ ಅದನ್ನೇ ಹೇಳ್ತಿದಾರೆ" ಎಂದಳು ಅಕ್ಕ. "ಆದ್ರೆ ಸ್ವಲ್ಪ ದಿನ ನಮ್ಮನೆ ಕಡೆ ಬರ್ಬೇಡ."

"ಆಯ್ತಕ್ಕಾ" ಎಂದಳು ಧೂಳಕ್ಕ.