ಮೂರೂವರೆ ರೈಲಿಗೇ ವಾಪಸ್

ನಮ್ಮ ಮನೆಯವರಿಗೆ ರಜೆ ಎರಡೇ ನಿಮಿಷದಲ್ಲಿ ಸಿಕ್ಕಿತು. ನನಗೆ ಅನುಮಾನ ಶುರುವಾದದ್ದು ಆಗಲೇ.

ರಜೆ ಸಿಕ್ಕರೆ ಕುಣಿಯಬೇಕು ತಾನೆ ಎನ್ನುತ್ತೀರಿ. ಆದರೆ ಇವರ ಮ್ಯಾನೇಜರು ಆರು ವರ್ಷದಲ್ಲಿ ಒಂದು ದಿನದ ರಜೆಯನ್ನೂ ನಿನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳದೆ ಕೊಟ್ಟವನಲ್ಲ. ನನಗೆ ಆಪರೇಷನ್ ಆದಾಗಲೂ ಕೇಳಿದ್ದ. ಈ ಸಲ ಹತ್ತು ದಿನ ಕೇಳಿದರೆ, ಆರಾಮಾಗಿ ಹೋಗಿ ಬಾ, ಬೇಕಿದ್ದರೆ ಇನ್ನೂ ನಾಲ್ಕು ದಿನ ಸೇರಿಸಿಕೋ ಎಂದು ಬರೆದಿದ್ದ.

"ನೋಡೇ, ಎಷ್ಟು ಒಳ್ಳೆಯವನಾಗ್ಬಿಟ್ಟಿದಾನೆ!" ಎಂದರು ಇವರು.

"ಅದಕ್ಕೇ ರೀ ನಂಗೆ ಭಯ."

"ನಿಂಗೆ ಬೈದ್ರೂ ಕಷ್ಟ, ಬೈದೇ ಇದ್ರೂ ಕಷ್ಟ."

ಹೋಗುವುದು ಜರ್ಮನಿಯ ಮ್ಯೂನಿಕ್‌ಗೆ. ಹನ್ನೆರಡು ವರ್ಷದ ಮಗಳಿಗೆ ರೈಲಿನ ಹುಚ್ಚು. ಇಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಸ್ಟೇಷನ್ನಿನ ಹಾರ್ನು ಕೇಳಿಸಿಕೊಂಡೇ ಬೆಳೆದವಳು. ಒಂದೇ ಹೋಟೆಲಿನಲ್ಲಿದ್ದುಕೊಂಡು ದಿನಕ್ಕೊಂದು ಊರಿಗೆ ರೈಲಿನಲ್ಲಿ ಹೋಗಿ, ಅದೇ ದಿನ ವಾಪಸ್ ಬರುವುದು ಅವಳದೇ ಯೋಜನೆ. ಅಪ್ಪ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಅಲ್ಲಿ ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಹತ್ತಿದರೆ ಲೋಕಲ್ ರೈಲುಗಳಿಗೆಲ್ಲ ಮೂವರಿಗೂ ಸೇರಿ ಒಂದೇ ಟಿಕೆಟ್ಟು ಸಾಕಂತೆ. ಸೋಮವಾರ ರೇಗೆನ್ಸ್‌ಬರ್ಗ್, ಮಂಗಳವಾರ ಬೆಟ್ಟದ ಮೇಲಿನ ಅರಮನೆ, ಬುಧವಾರ ಸಾಲ್ಜ್‌ಬರ್ಗ್, ಗುರುವಾರ ನ್ಯೂರೆಂಬರ್ಗ್. ವಾಪಸ್ ರೈಲು ಸಂಜೆ ಏಳರ ಆಸುಪಾಸು. ಪ್ರಿಂಟ್ ತೆಗೆದು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ಟಿನಿಂದ ಅಂಟಿಸಿದಳು.

ಆ ಹಾಳೆ ಅಲ್ಲಿ ಕಂಡದ್ದೇ ನನಗೆ ಇನ್ನೊಂದು ಫ್ರಿಜ್ಜು ನೆನಪಾಯಿತು.

ಎರಡು ವರ್ಷದ ಹಿಂದಿನ ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಹಾಸನದ ಕಡೆಯ ಒಂದು ಕುಟುಂಬವಿತ್ತು. ಹತ್ತು ದಿನಕ್ಕೆಂದು ಮದುವೆಗೆ ಬೆಂಗಳೂರಿಗೆ ಹೋದರು. ನಾಲ್ಕನೆಯ ದಿನ ಗಂಡನ ಕೆಲಸ ಹೋಯಿತು. ನಮ್ಮಂತೆ ಅವರದೂ ಕೆಲಸದ ವೀಸಾ. ಈ ದೇಶದೊಳಗೆ ಇರುವಾಗ ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಎರಡು ತಿಂಗಳಾದರೂ ಸಿಗುತ್ತದೆ. ಹೊರಗಿದ್ದಾಗ ಹೋದರೆ ಮುಗಿಯಿತು, ಆ ವೀಸಾದಲ್ಲಿ ವಾಪಸ್ ಒಳಗೆ ಬರಲು ಕೆಲಸವೇ ಇರುವುದಿಲ್ಲ.

ಅವರ ಮನೆ ಖಾಲಿ ಮಾಡಿದವರು ನಾನು ಮತ್ತು ಎದುರು ಮನೆಯ ಮಂಡ್ಯದ ಅಕ್ಕ. ಹಾಸನದಾಕೆ ಬೆಂಗಳೂರಿನಿಂದ ವಿಡಿಯೋ ಕಾಲಿನಲ್ಲಿ, "ಆ ಡ್ರಾಯರ್ ಅಲ್ಲ ರೀ, ಅದ್ರ ಕೆಳಗಿಂದು... ಹಾಂ, ನೀಲಿ ಫೈಲು" ಎಂದು ಹೇಳುತ್ತಿದ್ದಳು. ನಾವು ಅವಳ ಬೀರು, ಅವಳ ಒಳಬಟ್ಟೆ, ಮಗುವಿನ ಹಲ್ಲುಜ್ಜುವ ಬ್ರಷ್ಷು ಎಲ್ಲ ಮುಟ್ಟಿದೆವು. ಅಳಲಿಲ್ಲ ಅವಳು. ಫ್ರಿಜ್ಜು ತೆಗೆದಾಗ ದೋಸೆ ಹಿಟ್ಟು ಹುಳಿ ಬಂದು ಡಬ್ಬಿಯ ಮುಚ್ಚಳ ಎತ್ತಿತ್ತು. ಅದನ್ನು ಕಂಡು ಅತ್ತಳು. ಬಂದ ತಕ್ಷಣ ಮಗುವಿಗೆ ದೋಸೆ ಹಾಕಿಕೊಡಬೇಕೆಂದು ರುಬ್ಬಿಟ್ಟು ಹೋಗಿದ್ದಳಂತೆ. ಬಾಗಿಲ ಮೇಲೆ ಅವರ ಪ್ರಯಾಣದ ಹಾಳೆ. ವಾಪಸ್ ಬರುವ ತಾರೀಖಿಗೆ ಕೆಂಪು ಸುತ್ತು.

ಇದನ್ನು ಇವರ ಹತ್ತಿರ ಎತ್ತಲಿಲ್ಲ. ಎತ್ತಿದರೆ ಅಪಶಕುನ ಎನ್ನುತ್ತಾರೆ.

ಹೊರಡಲು ಒಂದು ವಾರವಿದ್ದಾಗ ಫ್ರಿಜ್ಜಿನ ಮೇಲೆ ಹೊಸ ಹಾಳೆ ಬಂದಿತ್ತು. ಊರುಗಳು ಅವೇ. ವಾಪಸ್ ರೈಲುಗಳು ಮಾತ್ರ ಏಳರಿಂದ ಮೂರೂವರೆಗೆ ಬಂದಿದ್ದವು. ನಾಲ್ಕು ದಿನವೂ.

"ರೀ, ಇದೇನಿದು? ಬೇಸಿಗೇಲಿ ಅಲ್ಲಿ ಒಂಬತ್ತು ಗಂಟೆವರೆಗೂ ಬೆಳಕಿರತ್ತಂತೆ. ಐದೂವರೆಗೆ ರೂಮಿಗೆ ಬಂದು ಏನ್ ಮಾಡೋದು, ಗೋಡೆ ನೋಡೋದಾ?"

"ಆರು ಗಂಟೆಗೆ ರೂಮಲ್ಲಿರೋಣ."

"ಯಾಕೆ?"

"ವೈಫೈ ಚೆನ್ನಾಗಿರತ್ತೆ."

ಇವರು ನನ್ನ ಮುಖ ನೋಡದೆ ಪಾತ್ರೆ ಒರೆಸುತ್ತಿದ್ದರು. ನಾನು ಬೆರಳು ಮಡಚಿ ಎಣಿಸಿದೆ. ಇಲ್ಲಿಗೂ ಅಲ್ಲಿಗೂ ಒಂಬತ್ತು ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಆರಾದರೆ ಇಲ್ಲಿ ಬೆಳಿಗ್ಗೆ ಒಂಬತ್ತು, ಆಫೀಸು ತೆರೆಯುವ ಹೊತ್ತು. ಆ ಹಾಸನದವರಿಗೂ ಕೆಲಸದಿಂದ ತೆಗೆದ ಮೇಲ್ ಬಂದದ್ದು ಇಲ್ಲಿಯ ಒಂಬತ್ತಕ್ಕೇ. ಅಲ್ಲಿ ನಾವು ಊರು ಸುತ್ತುವ ಅಷ್ಟು ಹೊತ್ತೂ ಕ್ಯಾಲಿಫೋರ್ನಿಯಾ ಮಲಗಿರುತ್ತದೆ, ಯಾರೂ ಯಾರನ್ನೂ ತೆಗೆಯುವುದಿಲ್ಲ. ಅದು ಏಳುವ ಹೊತ್ತಿಗೆ ಮಗಳ ಎದುರು ರೈಲಿನಲ್ಲಿ ಇರಬಾರದು. ಅಷ್ಟೇ ಲೆಕ್ಕ.

"ಯಾವಾಗ್ನಿಂದ ಗೊತ್ತು ನಿಮ್ಗೆ?"

ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. "ಗೊತ್ತು ಅಂತಲ್ಲ. ಮುಂದಿನ ಮೂರು ತಿಂಗಳ ಪ್ಲಾನಿಂಗ್ ಮೀಟಿಂಗಿಗೆ ಟೀಮ್ನೋರ್ನೆಲ್ಲ ಕರ್ದಿದಾರೆ, ನನ್ನ ಕರ್ದಿಲ್ಲ. ಕ್ಯಾಲೆಂಡರ್ ಖಾಲಿ ಹೊಡೀತಿದೆ."

"ಹಾಗಾದ್ರೆ ಕ್ಯಾನ್ಸಲ್ ಮಾಡ್ರೀ! ಹೋಗೋ ಕೆಲ್ಸ ಹೋಗ್ಲಿ, ನಾವು ಇಲ್ಲಾದ್ರೂ ಇರ್ತೀವಿ."

"ರಜಾ ವಾಪಸ್ ತಗೊಂಡ್ರೆ ಹೆದ್ರಿದೀನಿ ಅಂತ ಅವ್ನಿಗೆ ಗೊತ್ತಾಗತ್ತೆ. ನನ್ನ ತೆಗ್ಯೋ ಯೋಚ್ನೆ ಇಲ್ದಿದ್ರೂ ಆಗ ಬರತ್ತೆ."

"ಗೊತ್ತಾಗ್ಲಿ ಬಿಡಿ! ಮಾನ ಮುಖ್ಯಾನೋ ಮನೆ ಮುಖ್ಯಾನೋ?"

ಜೋರಾಗಿ ಹೇಳಿಬಿಟ್ಟೆ ಅನಿಸುತ್ತದೆ. ಮಗಳು ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಆರ್ ವಿ ನಾಟ್ ಗೋಯಿಂಗ್?"

ನಾನು ಬಾಯಿ ತೆರೆಯುವ ಮೊದಲೇ ಇವರು, "ಹೋಗ್ತಿದೀವಿ ಪುಟ್ಟಾ. ಪಾಸ್‌ಪೋರ್ಟ್‌ಗಳ್ನ ಒಂದ್ಕಡೆ ಇಡು. ಸಾಲ್ಜ್‌ಬರ್ಗ್ ಬೇರೆ ದೇಶ, ರೈಲಲ್ಲಿ ಕೇಳ್ತಾರೆ" ಎಂದರು.

ಅವಳು ಮೂರನ್ನೂ ತಂದು ಮೇಜಿನ ಮೇಲೆ ಸಾಲಾಗಿಟ್ಟಳು. ಎರಡು ನಮ್ಮ ಭಾರತದವು, ಒಂದು ಅವಳ ಅಮೆರಿಕದ್ದು. ಅವಳು ಇಲ್ಲಿ ಹುಟ್ಟಿದವಳು. ಯಾವ ಮೇಲ್ ಬಂದರೂ ಅವಳು ಈ ಮನೆಗೆ ವಾಪಸ್ ಬರಬಹುದು. ಅವಳ ಅಪ್ಪ ಅಮ್ಮನಿಗೆ ಆ ಭಾಗ್ಯವಿಲ್ಲ. ಇವರೂ ಅದನ್ನೇ ನೋಡುತ್ತಿದ್ದರು. ಮಗಳ ಮುಂದೆ ಆಡಿದ ಮಾತನ್ನು ಇವರು ತಿರುಗಿಸಲಿಲ್ಲ. ನಾನೂ ತಿರುಗಿಸಲಿಲ್ಲ. ಯಾಕೆ ಎಂದು ಕೇಳಬೇಡಿ.

ನಾಳೆ ಮಧ್ಯಾಹ್ನ ಫ್ಲೈಟು. ಇವತ್ತು ಬೆಳಿಗ್ಗೆ ಮಂಡ್ಯದ ಅಕ್ಕ ಕೀಲಿಕೈ ತೆಗೆದುಕೊಳ್ಳಲು ಬಂದರು. ಕರಿಬೇವಿನ ಗಿಡಕ್ಕೆ ನೀರು ಹಾಕಬೇಕು, ಅಷ್ಟೇ ಮಾತಾಗಿತ್ತು. ಕುಂಡ ತೋರಿಸಿದೆ. ಆಮೇಲೆ ಯಾಕೋ ಬೀರುವಿನ ಮೇಲಿನ ಡ್ರಾಯರ್ ಎಳೆದು, "ಅಕ್ಕ, ಮಗಳ ಸರ್ಟಿಫಿಕೇಟೆಲ್ಲ ಇದ್ರಲ್ಲಿದೆ" ಎಂದೆ.

ಅಕ್ಕ ನನ್ನನ್ನು ಒಂದು ಗಳಿಗೆ ನೋಡಿದರು. ಚೀಲದಿಂದ ಫೋನು ತೆಗೆದು, "ನೀನು ತೋರುಸ್ತಾ ಹೋಗವ್ವ, ನಾನು ವಿಡಿಯೋ ಮಾಡ್ಕತೀನಿ" ಎಂದರು.

ಅದರ ಕೆಳಗಿನ ಡ್ರಾಯರಿನಲ್ಲಿ ಅಮ್ಮ ಕೊಟ್ಟ ಸರ, ನನ್ನ ಆಪರೇಷನ್ನಿನ ರಿಪೋರ್ಟು. ಇನ್ನೊಂದರಲ್ಲಿ ಕಾರಿನ ಕಾಗದ. ದೇವರ ಮನೆಯ ಬೆಳ್ಳಿ ದೀಪ ಯಾವ ಬಟ್ಟೆಯಲ್ಲಿ ಸುತ್ತಬೇಕು. ನಾನು ತೋರಿಸುತ್ತಾ ಹೋದೆ.

"ಅಮ್ಮಾ, ವೈ ಈಸ್ ಆಂಟಿ ಫಿಲ್ಮಿಂಗ್ ಅವರ್ ಡ್ರಾಯರ್ಸ್?" ಎಂದಳು ಮಗಳು.

"ನಂಗೆ ಮರೆವು ಕಣ್ ಮಗ. ನೀರು ಎಲ್ಲೆಲ್ಲಿ ಹಾಕ್ಬೇಕು ಅಂತ," ಎಂದರು ಅಕ್ಕ.

ಕೊನೆಗೆ ಅಡುಗೆಮನೆಗೆ ಬಂದೆವು. ಫ್ರಿಜ್ಜಿನ ಮುಂದೆ ಅಕ್ಕನ ಫೋನು ಆ ಹಾಳೆಯ ಮೇಲೆ ನಿಂತಿತು. ಮೂರೂವರೆ, ಮೂರೂವರೆ, ಮೂರೂವರೆ, ಮೂರೂವರೆ.

"ಈ ವಾರ ಹಿಟ್ಟು ರುಬ್ಬಿಲ್ಲ ಅಕ್ಕ," ಎಂದೆ.

"ಒಳ್ಳೆ ಕೆಲ್ಸ ಮಾಡ್ದೆ," ಎಂದು ಬಾಗಿಲು ತೆಗೆದು ಒಳಗೂ ವಿಡಿಯೋ ಮಾಡಿಕೊಂಡರು.